ದನಿ ತಲುಪಿತು, ವಿಳಾಸ ತಲುಪಲಿಲ್ಲ

ಒಂದು ನೇರ ಪ್ರಶ್ನೆ ಕೇಳ್ತೀನಿ. ನಿಮ್ಮ ಮೊಬೈಲ್‌ನಲ್ಲಿರೋ ವಾಟ್ಸಾಪ್‌ನಿಂದ 112ಕ್ಕೆ ಕರೆ ಮಾಡೋಕೆ ಆಗುತ್ತಾ?

ಆಗಲ್ಲ. ಅಮೆರಿಕದಲ್ಲಿರೋ ಮಗನ ಜೊತೆ ದಿನಾ ರಾತ್ರಿ ಮುಖ ನೋಡ್ಕೊಂಡು ಮಾತಾಡ್ತೀರಿ. ಆದರೆ ಮನೆಗೆ ಕಳ್ಳ ನುಗ್ಗಿದರೆ ಅದೇ ಆ್ಯಪ್‌ನಿಂದ ಪೊಲೀಸರನ್ನು ಕರೆಯೋಕೆ ಆಗಲ್ಲ. ಇದು ನನ್ನ ಆರೋಪ ಅಲ್ಲ. ತನ್ನ ಸೇವೆಯಿಂದ ಪೊಲೀಸ್, ಅಗ್ನಿಶಾಮಕ ದಳ, ಆಸ್ಪತ್ರೆಗಳ ತುರ್ತು ಸೇವೆ ಸಿಗುವುದಿಲ್ಲ ಅಂತ ಕಂಪನಿಯೇ ತನ್ನ ಷರತ್ತುಗಳಲ್ಲಿ ಬರೆದುಕೊಂಡಿದೆ. ಆ ಷರತ್ತುಗಳನ್ನು ಪೂರ್ತಿ ಓದಿ 'ಒಪ್ಪಿದೆ' ಅಂತ ಒತ್ತಿದವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ?

ಮಾತು ದಾಟಿಸೋ ಯಂತ್ರಕ್ಕೂ ಸಹಾಯ ತಲುಪಿಸೋ ವ್ಯವಸ್ಥೆಗೂ ವ್ಯತ್ಯಾಸ ಇದೆ. ಆ ವ್ಯತ್ಯಾಸ ಜನರಿಗೆ ಗೊತ್ತಾಗಿದ್ದು ಸಾವುಗಳಾದ ಮೇಲೆ. ಅದರ ಇತಿಹಾಸವನ್ನ ಸ್ವಲ್ಪ ಹಿಂದಿನಿಂದ ಹೇಳಬೇಕು.

1935ರ ನವೆಂಬರ್ 10. ಲಂಡನ್‌ನ ವಿಂಪೋಲ್ ಸ್ಟ್ರೀಟ್. ಅಲ್ಲಿನ ಒಬ್ಬ ವೈದ್ಯರ ಮನೆಗೆ ಬೆಂಕಿ ಬಿತ್ತು. ಎದುರು ಮನೆಯವರು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಲು ಹೋದರು. ಆ ಕರೆ ಎಕ್ಸ್‌ಚೇಂಜ್‌ನ ಆಪರೇಟರ್ ಮೂಲಕವೇ ಹೋಗಬೇಕು. ಯಾರದ್ದು ಬೆಂಕಿಯ ಕರೆ, ಯಾರದ್ದು ಉಭಯಕುಶಲೋಪರಿಯ ಕರೆ ಅಂತ ಆಪರೇಟರ್‌ಗೆ ತಿಳಿಯೋ ದಾರಿಯೇ ಇರಲಿಲ್ಲ. ಅವರು ಸರದಿಯಲ್ಲಿ ಕಾಯಬೇಕಾಯಿತು. ಆ ಬೆಂಕಿಯಲ್ಲಿ ಐವರು ಹೆಂಗಸರು ಸತ್ತರು. ಫೋನ್ ಮಾಡಿದ್ದ ವ್ಯಕ್ತಿ ಸಿಟ್ಟಿನಿಂದ ಪತ್ರಿಕೆಗೆ ಪತ್ರ ಬರೆದರು, ವಿಚಾರಣೆ ನಡೆಯಿತು. 1937ರ ಜೂನ್ 30ರಂದು ಲಂಡನ್‌ನಲ್ಲಿ 999 ಶುರುವಾಯಿತು. ಆ ನಂಬರ್ ಒತ್ತಿದರೆ ಎಕ್ಸ್‌ಚೇಂಜ್‌ನಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು, ಬಜರ್ ಕೂಗುತ್ತಿತ್ತು. ಮೊದಲು ಈ ಕರೆ, ಆಮೇಲೆ ಉಳಿದದ್ದು.

ಅಮೆರಿಕಕ್ಕೆ ಇದು ಬರೋಕೆ ಇನ್ನೂ 31 ವರ್ಷ ಬೇಕಾಯಿತು. 1968ರ ಫೆಬ್ರವರಿ 16ರಂದು ಅಲಬಾಮಾ ರಾಜ್ಯದ ಹೇಲಿವಿಲ್ ಎಂಬ ಸಣ್ಣ ಊರಿನಲ್ಲಿ ಮೊದಲ 911 ಕರೆ ಹೋಯಿತು. ಕರೆ ಮಾಡಿದ್ದು ರಾಜ್ಯದ ಶಾಸನಸಭೆಯ ಸ್ಪೀಕರ್ ರಾಂಕಿನ್ ಫೈಟ್. ಪೊಲೀಸ್ ಠಾಣೆಯಲ್ಲಿ ಕೂತು ಎತ್ತಿದ್ದು ಸಂಸದ ಟಾಮ್ ಬೆವಿಲ್. ಯುರೋಪಿನ ದೇಶಗಳು 112ನ್ನು ಒಂದೇ ನಂಬರ್ ಅಂತ ತೀರ್ಮಾನ ಮಾಡಿದ್ದು 1991ರಲ್ಲಿ.

ಇಷ್ಟೂ ವರ್ಷ ಒಂದು ದೊಡ್ಡ ಅನುಕೂಲ ಇತ್ತು. ಅದನ್ನ ಯಾರೂ ಗಮನಿಸಿರಲಿಲ್ಲ. ಲ್ಯಾಂಡ್‌ಲೈನ್ ಅಂದರೆ ತಾಮ್ರದ ತಂತಿ. ಆ ತಂತಿ ಒಂದು ಮನೆಯ ಗೋಡೆಯಲ್ಲಿ ಕೊನೆಯಾಗುತ್ತೆ. ನಂಬರ್ ಗೊತ್ತಾದರೆ ಮನೆ ಗೊತ್ತಾದ ಹಾಗೆ. ಅಮೆರಿಕದಲ್ಲಿ ಇದನ್ನೇ ಬಳಸಿಕೊಂಡು, 911 ಕರೆ ಬಂದ ತಕ್ಷಣ ಸಿಬ್ಬಂದಿಯ ಪರದೆಯ ಮೇಲೆ ವಿಳಾಸ ಮೂಡೋ ವ್ಯವಸ್ಥೆ ಮಾಡಿದರು. ಪಾರ್ಶ್ವವಾಯು ಹೊಡೆದು ಮಾತು ನಿಂತವರು, ಪುಟ್ಟ ಮಕ್ಕಳು, ಬಾಗಿಲ ಹಿಂದೆ ಅಡಗಿ ಉಸಿರು ಬಿಗಿಹಿಡಿದವರು ಒಂದು ಮಾತೂ ಆಡಬೇಕಿರಲಿಲ್ಲ.

ಇನ್ನೊಂದು ಅನುಕೂಲವೂ ಇತ್ತು. ಹಳೇ ಫೋನಿಗೆ ಮನೆಯ ಕರೆಂಟ್ ಬೇಡ. ಎಕ್ಸ್‌ಚೇಂಜ್‌ನಲ್ಲಿದ್ದ ದೊಡ್ಡ ಬ್ಯಾಟರಿಗಳಿಂದ ಅದೇ ತಂತಿಯಲ್ಲಿ 48 ವೋಲ್ಟ್ ಹರಿದು ಬರುತ್ತಿತ್ತು. ನಮ್ಮ ಮಲೆನಾಡಿನವರನ್ನ ಕೇಳಿ, ಹೇಳ್ತಾರೆ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಹೋದರೂ, ತಂತಿ ತುಂಡಾಗದೇ ಇದ್ದರೆ ಫೋನ್ ಬದುಕಿರುತ್ತಿತ್ತು.

ಆಮೇಲೆ ಇಂಟರ್ನೆಟ್ ಬಂತು. 1995ರಲ್ಲಿ ವೋಕಲ್‌ಟೆಕ್ ಎಂಬ ಇಸ್ರೇಲಿ ಕಂಪನಿ ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಮಾತಾಡೋ ಸಾಫ್ಟ್‌ವೇರ್ ತಂತು. 2003ರಲ್ಲಿ ಸ್ಕೈಪ್ ಬಂತು. ಅಮೆರಿಕದಲ್ಲಿ ವೊನೇಜ್‌ನಂಥ ಕಂಪನಿಗಳು ಒಂದು ಪುಟ್ಟ ಡಬ್ಬ ಕೊಟ್ಟವು. ಅದನ್ನ ಇಂಟರ್ನೆಟ್‌ಗೆ ಸಿಕ್ಕಿಸಿ, ಹಳೇ ಫೋನನ್ನು ಅದಕ್ಕೆ ಜೋಡಿಸಿದರೆ ಆಯಿತು. ಬಿಲ್ ಇಳಿಯಿತು. ನೋಡೋಕೆ ಅದೇ ಫೋನ್, ಅದೇ ಡಯಲ್ ಟೋನ್. ಡಬ್ಬವನ್ನು ಸೂಟ್‌ಕೇಸ್‌ನಲ್ಲಿ ಹಾಕಿಕೊಂಡು ಬೇರೆ ಊರಿಗೆ, ಬೇರೆ ದೇಶಕ್ಕೆ ಹೋದರೂ ಅದೇ ನಂಬರ್ ನಡೆಯುತ್ತಿತ್ತು. ಕಂಪನಿಗಳು ಅದನ್ನೇ ದೊಡ್ಡ ಸೌಲಭ್ಯ ಅಂತ ಮಾರಿದವು.

ತೊಂದರೆ ಇದ್ದದ್ದೂ ಅಲ್ಲೇ. ನಂಬರಿಗೂ ಮನೆಗೂ ಇದ್ದ ನಂಟು ಕಡಿದುಹೋಗಿತ್ತು. ಫೋನ್ ಎಲ್ಲಿದೆ ಅಂತ ಕಂಪನಿಗೇ ಗೊತ್ತಿರುತ್ತಿರಲಿಲ್ಲ. 911 ಸೇವೆ ಬೇಕಿದ್ದರೆ ಗ್ರಾಹಕರೇ ಹೋಗಿ ವಿಳಾಸ ನೋಂದಾಯಿಸಬೇಕಿತ್ತು. ನೋಂದಾಯಿಸಿದರೂ ಎಷ್ಟೋ ಕಡೆ ಆ ಕರೆ ತುರ್ತು ಕೇಂದ್ರದ ಮುಖ್ಯ ಲೈನಿಗೆ ಹೋಗದೆ ಕಚೇರಿಯ ಮಾಮೂಲಿ ನಂಬರಿಗೆ ಹೋಗುತ್ತಿತ್ತು.

2005ರ ಫೆಬ್ರವರಿ, ಟೆಕ್ಸಾಸ್‌ನ ಹ್ಯೂಸ್ಟನ್. ಒಂದು ಮನೆಗೆ ಬಂದೂಕುಧಾರಿಗಳು ನುಗ್ಗಿದರು. ಅಪ್ಪ ಅಮ್ಮ ಇಬ್ಬರಿಗೂ ಗುಂಡು ಬಿತ್ತು. ಹದಿನೇಳು ವರ್ಷದ ಮಗಳು ಓಡಿಹೋಗಿ 911 ಒತ್ತಿದಳು. ಈ ಫೋನಿನಿಂದ 911 ಸಿಗುವುದಿಲ್ಲ ಎಂಬರ್ಥದ ರೆಕಾರ್ಡಿಂಗ್ ಕೇಳಿಸಿತು. ಆ ಹುಡುಗಿ ಪಕ್ಕದ ಮನೆಗೆ ಓಡಬೇಕಾಯಿತು. ತಂದೆ ತಾಯಿ ಬದುಕುಳಿದರು. ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಅಟಾರ್ನಿ ಜನರಲ್ ಗ್ರೆಗ್ ಆ್ಯಬಟ್ ವೊನೇಜ್ ಮೇಲೆ ಕೇಸ್ ಹಾಕಿದರು. 911 ವಿಷಯವನ್ನು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಿಲ್ಲ ಅನ್ನೋದು ದೂರು.

ಅದೇ ಮಾರ್ಚ್‌ನಲ್ಲಿ ಫ್ಲಾರಿಡಾದಲ್ಲಿ ಒಂದು ಹಸುಗೂಸು ಉಸಿರಾಟ ನಿಂತು ತೀರಿಕೊಂಡಿತು. ಇಂಟರ್ನೆಟ್ ಫೋನಿನಿಂದ ತಾಯಿ ಮಾಡಿದ 911 ಕರೆ ತಲುಪಲೇ ಇಲ್ಲ. ಮೇ 19ರಂದು ಆ ತಾಯಿ ವಾಷಿಂಗ್ಟನ್‌ಗೆ ಬಂದು, ಎಫ್‌ಸಿಸಿ ಅಂದರೆ ಅಲ್ಲಿನ ಸಂವಹನ ಆಯೋಗದ ಮುಂದೆ ನಿಂತು ತನ್ನ ಕಥೆ ಹೇಳಿದಳು. ಅಧ್ಯಕ್ಷ ಕೆವಿನ್ ಮಾರ್ಟಿನ್ ಇದ್ದ ಆಯೋಗ ಅವತ್ತೇ ಆದೇಶ ಮಾಡಿತು. ಮಾಮೂಲಿ ಫೋನ್ ಜಾಲಕ್ಕೆ ಕರೆ ಮಾಡುವ ಮತ್ತು ಅಲ್ಲಿಂದ ಕರೆ ಪಡೆಯುವ ಇಂಟರ್ನೆಟ್ ಫೋನ್ ಕಂಪನಿಗಳೆಲ್ಲ 911 ಕೊಡಲೇಬೇಕು. ಪ್ರತಿ ಗ್ರಾಹಕನ ವಿಳಾಸ ಪಡೆಯಬೇಕು. ಕರೆಂಟ್ ಹೋದರೆ, ಇಂಟರ್ನೆಟ್ ಹೋದರೆ, ಫೋನನ್ನು ಬೇರೆ ಕಡೆ ಒಯ್ದರೆ 911 ಕೆಲಸ ಮಾಡದೇ ಇರಬಹುದು ಅಂತ ಗ್ರಾಹಕನಿಗೆ ತಿಳಿಸಿ, ಗೊತ್ತಾಯಿತು ಎಂದು ಅವನಿಂದ ಒಪ್ಪಿಗೆ ಪಡೆಯಬೇಕು. ಸಾಧನದ ಮೇಲೋ ಪಕ್ಕದಲ್ಲೋ ಅಂಟಿಸಲು ಎಚ್ಚರಿಕೆಯ ಸ್ಟಿಕ್ಕರ್ ಕೊಡಬೇಕು. ಗಡುವು 2005ರ ನವೆಂಬರ್ 28.

ಇನ್ನು ಸಮಸ್ಯೆ ಮುಗಿಯಿತು ಅಂದುಕೊಂಡರೆ ಕೆನಡಾದ ಕಥೆ ಕೇಳಿ. ಅಲ್ಲಿನ ನಿಯಂತ್ರಣ ಆಯೋಗ ಅಮೆರಿಕಕ್ಕಿಂತ ಮೊದಲೇ, 2005ರ ಏಪ್ರಿಲ್‌ನಲ್ಲೇ ಇಂಥದ್ದೇ ಆದೇಶ ಹೊರಡಿಸಿತ್ತು. ಆದರೂ 2008ರ ಏಪ್ರಿಲ್‌ನಲ್ಲಿ ಕ್ಯಾಲ್ಗರಿ ನಗರದಲ್ಲಿ ಒಂದೂವರೆ ವರ್ಷದ ಮಗುವಿಗೆ ಹುಷಾರು ತಪ್ಪಿದಾಗ, ಮನೆಯವರು ಇಂಟರ್ನೆಟ್ ಫೋನಿನಿಂದ 911ಕ್ಕೆ ಕರೆ ಮಾಡಿದರು. ಕರೆ ಹೋಯಿತು. ಮಾತಾಡಿದ್ದೂ ಆಯಿತು. ಆ್ಯಂಬುಲೆನ್ಸ್ ಹೊರಟಿತು. ಎಲ್ಲಿಗೆ? ಆ ಕುಟುಂಬ ಹಿಂದೆ ಇದ್ದ ಮಿಸಿಸಾಗಾ ಊರಿನ ಮನೆಗೆ. ಎರಡೂ ಊರುಗಳ ನಡುವೆ ಎರಡೂವರೆ ಸಾವಿರ ಕಿಲೋಮೀಟರ್‌ಗಿಂತ ಹೆಚ್ಚು ದೂರ. ಕಂಪನಿಯ ದಾಖಲೆಯಲ್ಲಿ ಹಳೇ ವಿಳಾಸವೇ ಕೂತಿತ್ತು. ಕೊನೆಗೆ ಪಕ್ಕದ ಮನೆಯ ಫೋನಿನಿಂದ ಕರೆ ಹೋದ ಮೇಲೆ ಕ್ಯಾಲ್ಗರಿಯ ಆ್ಯಂಬುಲೆನ್ಸ್ ಬಂತು. ಮಗು ಉಳಿಯಲಿಲ್ಲ.

ನಾನು ಈ ಘಟನೆಯನ್ನ ಎಷ್ಟೋ ಸಲ ಯೋಚಿಸಿದ್ದೇನೆ. ಇಲ್ಲಿ ಕಾನೂನು ಇತ್ತು. ಯಂತ್ರ ಕೆಟ್ಟಿರಲಿಲ್ಲ. ಕರೆಯನ್ನ ಯಾರೋ ಎತ್ತಿದ್ದರು. ತಪ್ಪಿದ್ದು ಒಂದೇ ಸಾಲು: ವಿಳಾಸ. ಮನೆ ಬದಲಾಯಿಸಿದಾಗ ನಾವು ಗ್ಯಾಸ್ ಏಜೆನ್ಸಿಗೆ ಹೇಳ್ತೀವಿ, ಪೇಪರ್ ಹಾಕೋ ಹುಡುಗನಿಗೆ ಹೇಳ್ತೀವಿ. ಫೋನ್ ಕಂಪನಿಗೆ ಹೇಳಬೇಕು ಅಂತ ಯಾರಿಗೆ ಹೊಳೆಯುತ್ತೆ? ಸಂಕಟದಲ್ಲಿರೋ ಮನುಷ್ಯ ವಿಳಾಸ ನೆನಪಿಟ್ಟು ತಿದ್ದಿರಬೇಕು ಅನ್ನೋ ನಿಯಮವನ್ನ ನಂಬಿ ಕಟ್ಟಿದ ವ್ಯವಸ್ಥೆ ಯಾವತ್ತೋ ಒಂದು ದಿನ ಕೈ ಕೊಡುತ್ತೆ.

2013ರ ಡಿಸೆಂಬರ್‌ನಲ್ಲಿ ಟೆಕ್ಸಾಸ್‌ನ ಹೋಟೆಲ್ ಕೋಣೆಯಲ್ಲಿ ಒಬ್ಬ ಮಹಿಳೆಯ ಕೊಲೆಯಾಯಿತು. ಒಂಬತ್ತು ವರ್ಷದ ಮಗಳು ಕೋಣೆಯ ಫೋನಿನಿಂದ ನಾಲ್ಕು ಸಲ 911 ಒತ್ತಿದಳು. ಹೊರಗಿನ ಲೈನ್ ಸಿಗೋಕೆ ಮೊದಲು ಇನ್ನೊಂದು 9 ಒತ್ತಬೇಕಿತ್ತು. ಶಾಲೆಯಲ್ಲಿ ಕಲಿತ ಮಗು ಕಲಿತದ್ದನ್ನೇ ಮಾಡಿತ್ತು. ಆ ತಾಯಿಯ ಹೆಸರಿನ ಕಾನೂನು 2018ರಲ್ಲಿ ಬಂತು. 2020ರ ಫೆಬ್ರವರಿ 16ರ ನಂತರ ಅಳವಡಿಸುವ ಇಂಥ ಫೋನ್ ವ್ಯವಸ್ಥೆಗಳಲ್ಲೆಲ್ಲ 911 ನೇರವಾಗಿ ಹೋಗಬೇಕು ಅಂತಾಯಿತು.

ಕರೆಂಟ್‌ನ ಸಮಸ್ಯೆ ಈಗ ಬ್ರಿಟನ್‌ನಲ್ಲಿ ದೊಡ್ಡದಾಗಿದೆ. ಅಲ್ಲಿ ತಾಮ್ರದ ತಂತಿ ಕಿತ್ತು ಎಲ್ಲರನ್ನೂ ಇಂಟರ್ನೆಟ್ ಫೋನಿಗೆ ಸಾಗಿಸುತ್ತಿದ್ದಾರೆ. ಚಂಡಮಾರುತಗಳಲ್ಲಿ ಕರೆಂಟ್ ಹೋಗಿ ಫೋನ್ ಸತ್ತಾಗ ಜನ ಗಲಾಟೆ ಮಾಡಿದರು, 2022ರಲ್ಲಿ ಬಿಟಿ ಕಂಪನಿ ಆ ಕೆಲಸವನ್ನೇ ಕೆಲಕಾಲ ನಿಲ್ಲಿಸಿತು. 2025ರ ಕೊನೆಗೆ ಮುಗಿಯಬೇಕಿದ್ದದ್ದು 2027ರ ಜನವರಿಗೆ ಮುಂದೆ ಹೋಯಿತು. ಲ್ಯಾಂಡ್‌ಲೈನನ್ನೇ ನಂಬಿದವರಿಗೆ ಕರೆಂಟ್ ಹೋದ ಮೇಲೂ ಕನಿಷ್ಠ ಒಂದು ಗಂಟೆ ತುರ್ತು ಕರೆ ಮಾಡಲು ಸಾಧ್ಯವಾಗೋ ವ್ಯವಸ್ಥೆ ಕೊಡಬೇಕು ಅಂತ ಅಲ್ಲಿನ ನಿಯಂತ್ರಕರು ಹೇಳಿದ್ದಾರೆ.

ಸರಿ, ನಮ್ಮ ಕಥೆ ಏನು?

ನಮ್ಮಲ್ಲಿ ಇಂಟರ್ನೆಟ್ ಫೋನಿಗೆ ಸೀಮಿತ ಅನುಮತಿ ಸಿಕ್ಕಿದ್ದೇ 2002ರ ಏಪ್ರಿಲ್ 1ರಂದು. ಪೊಲೀಸರಿಗೆ 100, ಬೆಂಕಿಗೆ 101 ಅಂತ ಬೇರೆ ಬೇರೆ ನಂಬರ್‌ಗಳಿದ್ದವು. 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ಕರ್ನಾಟಕದಲ್ಲಿ 108 ಆರೋಗ್ಯ ಕವಚ ಶುರುವಾಯಿತು. ಎಲ್ಲಕ್ಕೂ ಒಂದೇ ನಂಬರ್ 112 ಆಗಲಿ ಅಂತ 2015ರಲ್ಲಿ ಟ್ರಾಯ್ ಶಿಫಾರಸು ಮಾಡಿತು. 2018ರ ನವೆಂಬರ್‌ನಲ್ಲಿ ಹಿಮಾಚಲ ಪ್ರದೇಶದಲ್ಲಿ ಮೊದಲು ಜಾರಿಯಾಗಿ ಆಮೇಲೆ ನಮ್ಮಲ್ಲಿಗೂ ಬಂತು.

ಇಂಟರ್ನೆಟ್ ಫೋನ್ ಬಗ್ಗೆ ಟ್ರಾಯ್ 2017ರ ಅಕ್ಟೋಬರ್‌ನಲ್ಲಿ ಶಿಫಾರಸು ಕೊಟ್ಟಿತು. ತುರ್ತು ಕರೆಯ ಸೌಲಭ್ಯ ಕೊಡೋಕೆ ಕಂಪನಿಗಳನ್ನು ಪ್ರೋತ್ಸಾಹಿಸಬೇಕು, ಸದ್ಯಕ್ಕೆ ಕಡ್ಡಾಯ ಬೇಡ, ಆದರೆ ಅದರ ಮಿತಿಗಳನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು ಅಂತ. 2018ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆ ಲೈಸೆನ್ಸ್ ನಿಯಮ ತಿದ್ದಿ ದಾರಿ ತೆರೆಯಿತು. ಅವತ್ತು ಇಂಥ ಸೇವೆ ಹೊಸದು, ಬಳಸೋರು ಕಡಿಮೆ. ಕಡ್ಡಾಯ ಬೇಡ ಅನ್ನೋದಕ್ಕೆ ಒಂದು ಅರ್ಥ ಇತ್ತು. ಇವತ್ತು ಕರೆ ಅಂದ್ರೇನೇ ವಾಟ್ಸಾಪ್ ಕರೆ ಅನ್ನೋ ಮಕ್ಕಳು ಬೆಳೀತಿದ್ದಾರೆ. ಮಿತಿಯನ್ನ ಸ್ಪಷ್ಟವಾಗಿ ತಿಳಿಸೋದು ಅಂದರೆ ಷರತ್ತಿನ ಎಷ್ಟನೆಯದೋ ಪುಟದಲ್ಲಿ ಬರೆದಿಡೋದಾ? ಅಮೆರಿಕದವರು ಡಬ್ಬದ ಮೇಲೆ ಸ್ಟಿಕ್ಕರ್ ಅಂಟಿಸಿದರು. ನಮಗೆ ಆ ಸ್ಟಿಕ್ಕರ್ ಆದರೂ ಬೇಡವಾ? ಈ ಪ್ರಶ್ನೆಯನ್ನ ಇಲಾಖೆ ಈಗಲೇ ಕೇಳಿಕೊಳ್ಳಬೇಕು. ಬೇರೆ ದೇಶಗಳು ಕೇಳಿಕೊಂಡಿದ್ದು ಶವದ ಮುಂದೆ ನಿಂತು.

ಅಲ್ಲಿವರೆಗೆ ನಾವು ಮಾಡಬಹುದಾದ್ದನ್ನ ಮಾಡೋಣ. ಆಪತ್ತು ಬಂದರೆ ಆ್ಯಪ್ ಬಿಡಿ, ಫೋನಿನ ಡಯಲರ್‌ಗೆ ಹೋಗಿ 112 ಒತ್ತಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಫೋನ್ ಬೇರೆ ಕಂಪನಿಯ ಟವರ್ ಹಿಡಿಯೋಕೆ ನೋಡುತ್ತೆ. ವಾಟ್ಸಾಪ್ ಹಾಗೆ ಮಾಡಲ್ಲ. ಕರೆ ಎತ್ತಿದ ತಕ್ಷಣ ಊರು, ಬಡಾವಣೆ, ಹತ್ತಿರದ ಗುರುತು ಮೊದಲು ಹೇಳಿ, ಕಷ್ಟ ಆಮೇಲೆ ಹೇಳಿ. ಮನೆಗೆ ಫೈಬರ್ ಫೋನ್ ಇದ್ದರೆ ಮೋಡೆಮ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿ. ಆಫೀಸಿನ ಟೇಬಲ್ ಫೋನಿನಿಂದ 112 ಹೋಗುತ್ತಾ, ಮೊದಲು ಸೊನ್ನೆ ಒತ್ತಬೇಕಾ ಅಂತ ನಾಳೆಯೇ ಕೇಳಿ, ಚೀಟಿ ಬರೆದು ಫೋನಿಗೆ ಅಂಟಿಸಿ.

ಇನ್ನು ಮಕ್ಕಳು ಹೊರದೇಶದಲ್ಲಿ ಇರೋ ಮನೆಗಳಿಗೆ ಒಂದು ಮಾತು. ಮೈಸೂರಿನಲ್ಲಿ ಅಪ್ಪ ವಿಡಿಯೋ ಕಾಲ್‌ನಲ್ಲಿ ಮಾತಾಡ್ತಾ ಕುಸಿದುಬೀಳ್ತಾರೆ ಅಂತ ಇಟ್ಟುಕೊಳ್ಳಿ. ನ್ಯೂಜೆರ್ಸಿಯಲ್ಲಿರೋ ಮಗಳು ಪರದೆಯಲ್ಲಿ ಎಲ್ಲಾ ನೋಡ್ತಾಳೆ. ಅವಳು 911 ಒತ್ತಿದರೆ ಎತ್ತೋದು ನ್ಯೂಜೆರ್ಸಿಯವರು. ಅಲ್ಲಿಂದ 108 ಒತ್ತಿದರೆ ಮೈಸೂರಿನ ಆ್ಯಂಬುಲೆನ್ಸ್ ಬರಲ್ಲ. ಈ ಪುಟ್ಟ ನಂಬರ್‌ಗಳು ದೇಶದ ಗಡಿ ದಾಟಲ್ಲ. ಹಾಗಾಗಿ ಪಕ್ಕದ ಮನೆಯವರದ್ದು, ಹತ್ತಿರದ ಆಸ್ಪತ್ರೆಯದ್ದು, ಬಡಾವಣೆಯ ಪೊಲೀಸ್ ಠಾಣೆಯದ್ದು, ಈ ಮೂರು ನಂಬರ್‌ಗಳನ್ನ ಮುಂದೆ +91 ಸೇರಿಸಿ ಮಗಳ ಫೋನಿನಲ್ಲಿ ಬರೆಸಿಡಿ. ಅವಳು ಅಲ್ಲಿ ಮನೆ ಬದಲಾಯಿಸಿದರೆ, ವೈಫೈ ಕಾಲಿಂಗ್‌ಗೆ ಕೊಟ್ಟ ತುರ್ತು ವಿಳಾಸವನ್ನೂ ಬದಲಾಯಿಸು ಅಂತ ಹೇಳಿ.

ಇವತ್ತು ರಾತ್ರಿ ಕಾಲ್ ಮಾಡ್ತಾಳಲ್ಲ, ಆಗಲೇ ಬರೆಸಿಬಿಡಿ.