ಹೆಗ್ಗೋಡಿನ ಹತ್ತು ದಿನ

ಈಗ ಮೊಬೈಲು ತೆರೆದರೆ ಸಾಕು, ಹತ್ತು ದಿನದಲ್ಲಿ ಇಂಗ್ಲಿಷ್, ಏಳು ದಿನದಲ್ಲಿ ವಿಡಿಯೋ ಎಡಿಟಿಂಗ್, ಮೂರು ದಿನದಲ್ಲಿ ಷೇರು ವ್ಯವಹಾರ ಕಲಿಸುತ್ತೇವೆ ಅನ್ನುವ ಜಾಹೀರಾತುಗಳು ಸಾಲಾಗಿ ಬರುತ್ತವೆ. ಕೊನೆಗೊಂದು ಸರ್ಟಿಫಿಕೇಟು. ಕಡಿಮೆ ದಿನದಲ್ಲಿ ಗಟ್ಟಿಯಾಗಿ ಕಲಿಸುವುದು ಪಟ್ಟಣದವರ ಹೊಸ ಉಪಾಯ ಅಂತ ನೀವು ಅಂದುಕೊಂಡಿದ್ದರೆ, ಸಾಗರದ ಬಸ್‌ಸ್ಟ್ಯಾಂಡಿನಿಂದ ಅರ್ಧ ಗಂಟೆ ದಾರಿಯಲ್ಲಿರುವ ಹೆಗ್ಗೋಡಿನ ಕತೆ ಸ್ವಲ್ಪ ಕೇಳಿ.

ಹೆಗ್ಗೋಡಿನಲ್ಲಿ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ ಹುಟ್ಟಿದ್ದು 1949ರಲ್ಲಿ. ಉದ್ದ ಹೆಸರು ಮೊಟಕಾಗಿ ನೀನಾಸಮ್ ಆಯಿತು. ಹೆಸರಿನಲ್ಲಿರುವುದು ಊರ ದೇವರು. ಮಾಡಿದವರು ಅಡಿಕೆ ತೋಟದ ಜನ. ಹಬ್ಬಕ್ಕೊಂದು ನಾಟಕ ಆಡುವ ಇಂಥ ಸಂಘಗಳು ಆ ಕಾಲಕ್ಕೆ ಮಲೆನಾಡಿನ ಬೇರೆ ಊರುಗಳಲ್ಲೂ ಇದ್ದವು, ಬಹುಪಾಲು ಒಂದು ತಲೆಮಾರಿಗೆ ಮುಗಿದವು. ಇದು ಮುಗಿಯದೆ ಉಳಿಯಲು ಕೆ.ವಿ. ಸುಬ್ಬಣ್ಣ ದೊಡ್ಡ ಕಾರಣ. 1932ರಲ್ಲಿ ಹುಟ್ಟಿದ ಅವರು ಮೈಸೂರಿನಲ್ಲಿ ಓದಿ, ಅಲ್ಲೇ ಕೆಲಸ ಹುಡುಕದೆ ಊರಿಗೆ ಬಂದು ತೋಟ ನೋಡಿಕೊಂಡರು. 1957ರಲ್ಲಿ ಅಕ್ಷರ ಪ್ರಕಾಶನ ಶುರು ಮಾಡಿದರು. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಆಯಿತು. ಮರುವರ್ಷ, 1973ರಲ್ಲಿ, ಚಿತ್ರಸಮಾಜ.

ಚಿತ್ರಸಮಾಜ ಅಂದರೆ ಫಿಲ್ಮ್ ಸೊಸೈಟಿ. ಆಗ ಅದು ಕಲ್ಕತ್ತಾ, ಬೊಂಬಾಯಿ, ಬೆಂಗಳೂರಿನವರ ಶೋಕಿ. ಹಳ್ಳಿಯವರಿಗೆ ಟೂರಿಂಗ್ ಟಾಕೀಸಿನಲ್ಲಿ ರಾಜಕುಮಾರರ ಸಿನಿಮಾ ಸಾಕು, ಜಪಾನಿನ ಕುರೊಸಾವ ಯಾಕೆ ಬೇಕು ಅಂತ ಕೇಳುವುದು ಸುಲಭ. ಆದರೆ ಯಕ್ಷಗಾನದಲ್ಲಿ ಬೆಳಗಿನ ಜಾವದವರೆಗೂ ಕೂತು, ಆ ವೇಷ ಹೀಗೆ ಬರಬೇಕಿತ್ತು, ಈ ಭಾಗವತರ ಪದ್ಯ ಎಳೆದು ಹೋಯಿತು ಅಂತ ಜಗಲಿ ಮೇಲೆ ವಾದ ಮಾಡುವ ಜನ ನಮ್ಮವರು. ನೋಡಿದ್ದನ್ನು ಒರೆಗೆ ಹಚ್ಚುವುದು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾದ ವಿದ್ಯೆ ಆಗಿರಲಿಲ್ಲ. ಅದನ್ನು ಸಿನಿಮಾಕ್ಕೆ ಹೊರಳಿಸಬೇಕಿತ್ತು, ಅಷ್ಟೇ.

ಹೊರಳಿಸಿದವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರೊಫೆಸರ್ ಸತೀಶ್ ಬಹಾದೂರ್. ಇವರು ಮೂಲದಲ್ಲಿ ಆಗ್ರಾದ ಅರ್ಥಶಾಸ್ತ್ರದ ಮೇಷ್ಟ್ರು. ಅಲ್ಲೇ ಫಿಲ್ಮ್ ಸೊಸೈಟಿ ನಡೆಸುತ್ತ ನಡೆಸುತ್ತ ಸಿನಿಮಾ ಪಾಠಕ್ಕೆ ತಿರುಗಿದವರು. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯನ್ನು ಒಂದೊಂದೇ ದೃಶ್ಯ ಬಿಡಿಸಿ ಹೇಳುವುದಕ್ಕೆ ದೇಶದಲ್ಲೇ ಹೆಸರಾದವರು. 1979ರಿಂದ ಅವರ ಜೊತೆ ಹೆಗ್ಗೋಡಿನಲ್ಲಿ ಹತ್ತು ದಿನಗಳ ಚಲನಚಿತ್ರ ರಸಗ್ರಹಣ ಶಿಬಿರ ನಡೆಯತೊಡಗಿತು. ಸಿನಿಮಾ ನೋಡುವುದು, ಚರ್ಚೆ ಮಾಡುವುದು, ಮತ್ತೆ ನೋಡುವುದು. ಊಟ, ವಾಸ ಎಲ್ಲ ಅಲ್ಲೇ.

ಶಿಬಿರ ಅನ್ನುವ ಮಾತು ಮೊದಲು ಸೈನ್ಯದ ಬಿಡಾರಕ್ಕೆ ಇದ್ದದ್ದು. ಇದರ ಜೊತೆಯ ಇನ್ನೊಂದು ಮಾತು ಕಮ್ಮಟ. ಅದು ನಾಣ್ಯ ಹೊಡೆಯುವ ಟಂಕಸಾಲೆ. ಕಲಿಕೆಗೆ ಈ ಎರಡೂ ಹೆಸರು ಹೇಗೆ ಅಂಟಿಕೊಂಡವೋ, ಚೆನ್ನಾಗಿಯೇ ಹೊಂದುತ್ತವೆ. ಮನೆ ಬಿಟ್ಟು ಒಂದೆಡೆ ಬೀಡು ಬಿಡಬೇಕು, ಕಾದಿರುವಾಗಲೇ ಅಚ್ಚು ಒತ್ತಬೇಕು.

ಇಲ್ಲಿ ಭಾಷೆಯದೇ ಒಂದು ಕಷ್ಟ. ಸಿನಿಮಾ ಬೆಂಗಾಲಿ, ಜಪಾನಿ, ಇಟಾಲಿಯನ್. ಪಾಠ ಹೇಳುವವರಿಗೆ ಕನ್ನಡ ಮನೆಮಾತಲ್ಲ. ಶಾಟು, ಕಟ್ಟು, ಸೀನು ಅನ್ನುವುದನ್ನೆಲ್ಲ ಕನ್ನಡದಲ್ಲಿ ಮಾತಾಡುವ ರೂಢಿಯೇ ಇರಲಿಲ್ಲ. ಸುಬ್ಬಣ್ಣ ಸಿನಿಮಾದ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದರು. ನನ್ನ ಮಟ್ಟಿಗೆ ಶಿಬಿರಕ್ಕಿಂತ ಇದು ದೊಡ್ಡ ಕೆಲಸ. ಹತ್ತು ದಿನ ಕೂತು ಕೇಳಿದವನು ಊರಿಗೆ ಹೋದಮೇಲೆ ಕೈಯಲ್ಲಿ ಏನೂ ಇಲ್ಲದಿದ್ದರೆ, ಹನ್ನೊಂದನೇ ದಿನಕ್ಕೆ ಮರೆತುಹೋಗುತ್ತದೆ.

1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಯಿತು. ಅದು ಹೆಚ್ಚುಕಡಿಮೆ ವರ್ಷವಿಡೀ ನಡೆಯುವ ಕೋರ್ಸು, ನಟರನ್ನು ತಯಾರು ಮಾಡುವುದಕ್ಕೆ. ಅಂದರೆ ವೃತ್ತಿ ಕಲಿಯುವವರಿಗೆ ವರ್ಷ, ನೋಡಲು ಕಲಿಯುವವರಿಗೆ ಹತ್ತು ದಿನ. ಈ ವಿಂಗಡಣೆ ನನಗೆ ಬಹಳ ಸರಿ ಕಾಣುತ್ತದೆ. ಹತ್ತು ದಿನದಲ್ಲಿ ನಟನನ್ನು ಮಾಡುತ್ತೇವೆ ಅಂತ ಅವರು ಹೇಳಲು ಹೋಗಲಿಲ್ಲ.

1983ರಲ್ಲಿ ಫೋರ್ಡ್ ಫೌಂಡೇಶನ್ನಿನ ಹಣದ ನೆರವಿನಿಂದ ‘ಜನಸ್ಪಂದನ’ ಬಂತು. ಅದರಲ್ಲಿ ಶಿಬಿರವೇ ಹೆಗ್ಗೋಡು ಬಿಟ್ಟು ಹೊರಟಿತು. ಕರ್ನಾಟಕದ ಬೇರೆ ಬೇರೆ ಊರುಗಳಲ್ಲಿ ಸಿನಿಮಾ ಶಿಬಿರ, ನಾಟಕದ ಕಮ್ಮಟ. 1985ರಿಂದ ‘ತಿರುಗಾಟ’ ಹೊರಟಿತು, ಕೇಂದ್ರದಲ್ಲಿ ಕಲಿತವರು ನಾಟಕಗಳನ್ನು ಹೊತ್ತು ರಾಜ್ಯ ಸುತ್ತುವ ತಂಡ. ಯಕ್ಷಗಾನ ಮೇಳಗಳ ತಿರುಗಾಟ ನೋಡಿ ಬೆಳೆದವರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ. ಇದೇ ದಶಕದಲ್ಲಿ ಚಿದಂಬರರಾವ್ ಜಂಬೆ ಉತ್ತರ ಕನ್ನಡದ ಸಿದ್ದಿ ಜನರೊಂದಿಗೆ ಕೂತು, ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿಯನ್ನು ನಾಟಕ ಮಾಡಿಸಿದರು. ಆಫ್ರಿಕಾದಿಂದ ಬಂದವರ ಮಕ್ಕಳು ಆಫ್ರಿಕಾದ ಕತೆಯನ್ನು ಕನ್ನಡದಲ್ಲಿ ಆಡಿದರು.

ಸಿನಿಮಾ ಶಿಬಿರ ಒಂದು ದಶಕ ನಡೆದಮೇಲೆ ಅಗಲವಾಗಿ ‘ಸಂಸ್ಕೃತಿ ಶಿಬಿರ’ ಆಯಿತು. ಸಾಹಿತ್ಯ, ನಾಟಕ, ಸಂಗೀತ, ಸಮಾಜ ಎಲ್ಲವೂ ಬಂದವು. ತೀರ್ಥಹಳ್ಳಿ ತಾಲೂಕಿನ ಮೇಳಿಗೆಯ ಯು.ಆರ್. ಅನಂತಮೂರ್ತಿ ಬಹಳ ವರ್ಷ ಇದರ ಮುಂಚೂಣಿಯಲ್ಲಿದ್ದರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ, ಅಡಿಕೆ ತೋಟದ ಮಧ್ಯೆ ಇಂಥದ್ದು ಇದೆಯಾ ಅಂತ ಹೊರಗಿನವರು ಬೆರಗಾದರು.

ಈಗ ಒಂದು ಮಾತು ಕೇಳಲೇಬೇಕು. ಹತ್ತು ದಿನ ಯಾರಿಗಿದೆ?

ಹೆಗ್ಗೋಡು ಇರುವುದು ಕಾಗೋಡು ಇರುವ ತಾಲೂಕಿನಲ್ಲೇ. 1951ರಲ್ಲಿ ಕಾಗೋಡಿನ ಗೇಣಿದಾರರು, ಬಹುಪಾಲು ದೀವರು, ಒಡೆಯರ ಅಳತೆಯ ವಿರುದ್ಧ ಎದ್ದರು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಭೂಸುಧಾರಣೆಯ ತಿದ್ದುಪಡಿ ಜಾರಿಯಾದದ್ದು 1974ರಲ್ಲಿ. ಅಂದರೆ ಮೊದಲ ಸಿನಿಮಾ ಶಿಬಿರದ ಹೊತ್ತಿಗೆ ಉಳುವವನಿಗೆ ಭೂಮಿ ಅನ್ನುವ ಕಾನೂನಿಗೆ ಐದೇ ವರ್ಷ. ಶಿಬಿರ ಅಕ್ಟೋಬರದ್ದಾಯಿತು: ಮಳೆ ಹಿಂದೆ ಸರಿದಿರುತ್ತದೆ, ಕಾಲೇಜಿಗೆ ದಸರಾ ರಜೆ, ಕೊನೆಕೊಯ್ಲು ಇನ್ನೂ ಜೋರಾಗಿರುವುದಿಲ್ಲ. ತೋಟದವರಿಗೂ ಮೇಷ್ಟ್ರುಗಳಿಗೂ ಕಾಲೇಜು ಹುಡುಗರಿಗೂ ಹೇಳಿ ಮಾಡಿಸಿದ ಸಮಯ. ದಿನಗೂಲಿಯವರಿಗೆ ಮಾತ್ರ ಯಾವ ತಿಂಗಳಲ್ಲೂ ಹತ್ತು ದಿನ ಅಂದರೆ ಹತ್ತು ದಿನದ ಕೂಲಿಯೇ. ದನ, ಕೊಟ್ಟಿಗೆ, ಅಡಿಗೆ ಬಿಟ್ಟು ಬರಬೇಕಾದ ಹೆಣ್ಣುಮಕ್ಕಳಿಗೆ ರಜೆ ಅನ್ನುವುದೇ ಇಲ್ಲ. ಇದು ನೀನಾಸಮ್ ಒಂದರ ಮೇಲೆ ಹೊರಿಸುವ ದೂರಲ್ಲ. ಮನೆ ಬಿಟ್ಟು ಬಂದು ಕಲಿ ಅನ್ನುವ ಯಾವ ಶಿಬಿರಕ್ಕೂ ಈ ಗೋಡೆ ಇದೆ. ಜನಸ್ಪಂದನದಲ್ಲಿ ಶಿಬಿರವೇ ಊರೂರಿಗೆ ಹೋದದ್ದು ಆ ಗೋಡೆಗೆ ಹಾಕಿದ ಏಣಿ ಅಂತ ನನಗನ್ನಿಸುತ್ತದೆ. ಯೋಜನೆಯ ಹಣ ಮುಗಿಯುವವರೆಗೆ ಮಾತ್ರ ನಿಲ್ಲುವ ಏಣಿ.

ಸುಬ್ಬಣ್ಣ 2005ರ ಜುಲೈನಲ್ಲಿ ತೀರಿಕೊಂಡರು. ಶಿಬಿರ ಮುಂದುವರಿಯಿತು, ದಿನಗಳು ಮಾತ್ರ ಕಡಿಮೆಯಾದವು: ಮೊದಲು ವಾರಕ್ಕೆ ಇಳಿಯಿತು, ಆಮೇಲೆ ಇನ್ನೂ ಕಿರಿದಾಯಿತು. ಈಗ ತೋಟದವನಿಗೂ ನೌಕರನಿಗೂ ಹತ್ತು ದಿನ ಸಿಗುವುದಿಲ್ಲ. ಕೂಲಿಯವನಿಗೆ ಮೊದಲಿಂದ ಇದ್ದ ಕಷ್ಟ ಎಲ್ಲರಿಗೂ ಹಂಚಿಕೆಯಾಯಿತು ಅನ್ನಬಹುದೇನೋ. ಹಗಲಿನ ಗೋಷ್ಠಿಗಳಲ್ಲಿ ಕೂರಲು ಹೆಸರು ಬರೆಸಿಕೊಂಡು ಬಂದಿರಬೇಕು. ಸಂಜೆ ಹಾಗಲ್ಲ. ತಿರುಗಾಟದ ಆ ವರ್ಷದ ಹೊಸ ನಾಟಕಗಳು ಏರುವುದು ಅದೇ ರಂಗಮಂದಿರದಲ್ಲಿ, ಸುತ್ತಲ ಊರಿನವರು ಕೆಲಸ ಮುಗಿಸಿ, ಕೈಕಾಲು ತೊಳೆದುಕೊಂಡು ಬರುವ ಹೊತ್ತಿಗೆ.