ಸುಸ್ಥಿರ ಅಭಿವೃದ್ಧಿ: ಒಂದು ಪರಿಕಲ್ಪನೆಯ ಚರಿತ್ರೆ

‘ಸುಸ್ಥಿರ ಅಭಿವೃದ್ಧಿ’ ಎಂಬ ಮಾತು ಇಂದು ಸರ್ಕಾರದ ಯೋಜನೆಗಳಲ್ಲಿಯೂ ಉದ್ಯಮಗಳ ವಾರ್ಷಿಕ ವರದಿಗಳಲ್ಲಿಯೂ ಶಾಲಾ ಪಠ್ಯಗಳಲ್ಲಿಯೂ ಧರ್ಮಸಭೆಯ ದಾಖಲೆಗಳಲ್ಲಿಯೂ ಕಾಣಸಿಗುತ್ತದೆ. ಇಷ್ಟು ಭಿನ್ನ ಹಿತಾಸಕ್ತಿಗಳುಳ್ಳವರು ಒಂದೇ ಪದವನ್ನು ಬಳಸುವಾಗ ಅವರೆಲ್ಲರೂ ಒಂದೇ ಅರ್ಥವನ್ನು ಉದ್ದೇಶಿಸಿದ್ದಾರೆಯೇ ಎಂದು ವಿಚಾರಿಸುವುದು ದೈವಶಾಸ್ತ್ರದ ಅಭ್ಯಾಸಿಗಳಿಗೆ ತಕ್ಕ ಕೆಲಸ. ಈ ಪದದ ಚರಿತ್ರೆಯನ್ನು ಹಿಂಬಾಲಿಸಿದಾಗ ಪ್ರತಿಯೊಂದು ಘಟ್ಟದಲ್ಲಿಯೂ ಒಂದು ಪ್ರಶ್ನೆ ಎದುರಾಗುತ್ತದೆ: ಉಳಿಸುವುದು ಯಾರಿಗಾಗಿ? ಈ ಪ್ರಶ್ನೆಗೆ ಕೊಡುವ ಉತ್ತರವೇ ಪದದ ನಿಜವಾದ ಅರ್ಥವನ್ನು ನಿರ್ಧರಿಸುತ್ತದೆ ಎಂಬುದು ಈ ಲೇಖನದ ಪ್ರತಿಪಾದನೆ.

ಗಣಿಗಾಗಿ ಉಳಿದ ಕಾಡು

ಈ ಚಿಂತನೆಯ ಆಧುನಿಕ ಮೂಲ ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದಲ್ಲಿದೆ. ಅಲ್ಲಿನ ಫ್ರೈಬರ್ಗ್ ಪಟ್ಟಣದ ಸುತ್ತಲಿನ ಬೆಳ್ಳಿಯ ಗಣಿಗಳಿಗೆ ಅಪಾರ ಪ್ರಮಾಣದ ಮರ ಬೇಕಾಗುತ್ತಿತ್ತು. ಸುರಂಗಗಳಿಗೆ ಆಸರೆಯಾಗಿ ಕಂಬಗಳು ಬೇಕು, ಅದಿರನ್ನು ಕರಗಿಸಲು ಇದ್ದಿಲು ಬೇಕು. ಸುತ್ತಲಿನ ಕಾಡು ಬರಿದಾದಂತೆ ಗಣಿಗಳೇ ನಿಂತುಹೋಗುವ ಭೀತಿ ಉಂಟಾಯಿತು. ಗಣಿ ಆಡಳಿತದ ಹಿರಿಯ ಅಧಿಕಾರಿಯಾಗಿದ್ದ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ ಎಂಬವನು 1713ರಲ್ಲಿ ಅರಣ್ಯ ಕೃಷಿಯ ಕುರಿತು ಒಂದು ಬೃಹತ್ ಗ್ರಂಥವನ್ನು ಪ್ರಕಟಿಸಿದನು. ಕಾಡು ಬೆಳೆಯುವಷ್ಟನ್ನೇ ಕಡಿಯಬೇಕು, ಕಡಿದ ಕಡೆ ಬಿತ್ತಿ ನೆಟ್ಟು ಬೆಳೆಸಬೇಕು ಎಂಬುದು ಅವನ ವಾದದ ತಿರುಳು. ಇಂತಹ ಬಳಕೆಗೆ ಅವನು ಉಪಯೋಗಿಸಿದ ಜರ್ಮನ್ ಪದಕ್ಕೆ ‘ಮುಂದೆಯೂ ಒದಗುತ್ತಲೇ ಇರುವ’ ಎಂಬ ಅರ್ಥವಿದೆ. ನಮ್ಮ ‘ಸುಸ್ಥಿರ’ ಪದವು ಅಚಲವಾಗಿ ನಿಂತಿರುವುದನ್ನು ಸೂಚಿಸಿದರೆ, ಮೂಲದ ಪದವು ಎಡೆಬಿಡದೆ ನಡೆಯುವ ಬಳಕೆಯನ್ನು ಸೂಚಿಸುತ್ತದೆ ಎಂಬುದನ್ನು ಗಮನಿಸಬೇಕು.

ಕಾರ್ಲೊವಿಟ್ಸನ ದೂರದೃಷ್ಟಿ ಮೆಚ್ಚತಕ್ಕದ್ದು. ಆದರೂ ಅವನ ಕಾಡು ಉಳಿಯಬೇಕಾದದ್ದು ಮುಖ್ಯವಾಗಿ ಗಣಿಗಾಗಿ ಮತ್ತು ಗಣಿಯ ಆದಾಯವನ್ನು ನೆಚ್ಚಿದ್ದ ರಾಜ್ಯಕ್ಕಾಗಿ. ಮುಂದೆ ಜರ್ಮನಿಯ ಅರಣ್ಯ ಶಾಲೆಗಳು ಈ ತತ್ತ್ವವನ್ನು ಲೆಕ್ಕಾಚಾರದ ಶಾಸ್ತ್ರವನ್ನಾಗಿ ಬೆಳೆಸಿದವು. ಕಾಡೆಂದರೆ ಇಷ್ಟು ವರ್ಷಗಳಲ್ಲಿ ಇಷ್ಟು ಘನ ಅಡಿ ಮರ ಎಂಬ ದೃಷ್ಟಿ ಬೇರೂರಿತು. ಹಲವೆಡೆ ಬಗೆಬಗೆಯ ಮರಗಳ ಕಾಡಿದ್ದಲ್ಲಿ ಒಂದೇ ಜಾತಿಯ ನೆಡುತೋಪುಗಳು ಬಂದವು.

ಭಾರತಕ್ಕೆ ಬಂದ ಅರಣ್ಯಶಾಸ್ತ್ರ

ಇದೇ ಶಾಸ್ತ್ರ ಭಾರತಕ್ಕೂ ಬಂದಿತು. 1864ರಲ್ಲಿ ಬ್ರಿಟಿಷ್ ಸರ್ಕಾರವು ಜರ್ಮನ್ ಸಸ್ಯವಿಜ್ಞಾನಿ ಡೀಟ್ರಿಚ್ ಬ್ರಾಂಡಿಸ್‌ನನ್ನು ಅರಣ್ಯಗಳ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆಗಿ ನೇಮಿಸಿತು. ರೈಲುಮಾರ್ಗಗಳ ವಿಸ್ತರಣೆಗೆ ಸ್ಲೀಪರ್ ಮರಗಳು ನಿರಂತರವಾಗಿ ಬೇಕಾಗಿದ್ದವು. 1865ರ ಅರಣ್ಯ ಕಾಯಿದೆಯ ಬಳಿಕ 1878ರ ಕಾಯಿದೆಯು ಕಾಡುಗಳನ್ನು ಕಾಯ್ದಿರಿಸಿದ, ರಕ್ಷಿತ ಮತ್ತು ಗ್ರಾಮ ಅರಣ್ಯಗಳೆಂದು ವಿಂಗಡಿಸಿತು. ಸೊಪ್ಪು, ಸೌದೆ, ಮೇವುಗಳಿಗಾಗಿ ತಲೆತಲಾಂತರದಿಂದ ಕಾಡಿಗೆ ಹೋಗುತ್ತಿದ್ದವರ ಹಕ್ಕುಗಳು ಬಹುಪಾಲು ಸರ್ಕಾರ ಕೊಡಬಹುದಾದ ಅಥವಾ ಹಿಂಪಡೆಯಬಹುದಾದ ರಿಯಾಯಿತಿಗಳಾಗಿ ಮಾರ್ಪಟ್ಟವು. ಕಾಡನ್ನು ಉಳಿಸುವ ಕಾನೂನೇ ಕಾಡಿನವರನ್ನು ಹೊರಗಿಟ್ಟಿತು.

ಅಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡ ಜಿಲ್ಲೆಯೂ ಈ ವ್ಯವಸ್ಥೆಗೆ ಒಳಪಟ್ಟಿತು. ಸ್ವಾತಂತ್ರ್ಯಾನಂತರವೂ ಅದು ಮೂಲತಃ ಬದಲಾಗಲಿಲ್ಲ; ಸಹಜ ಕಾಡನ್ನು ಕಡಿದು ತೇಗ, ನೀಲಗಿರಿ ನೆಡುವ ಕಾರ್ಯ ಮುಂದುವರಿಯಿತು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಭಾಗದ ಜನರು ಹಿಮಾಲಯದ ಚಿಪ್ಕೋ ಚಳವಳಿಯ ಮಾದರಿಯಲ್ಲಿ ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದರು. ಈ ಅಪ್ಪಿಕೋ ಚಳವಳಿಯ ಘೋಷಣೆ ‘ಉಳಿಸು, ಬೆಳೆಸು, ಬಳಸು’ ಎಂಬುದು. ಕಾರ್ಲೊವಿಟ್ಸನ ತತ್ತ್ವವೂ ಸರಿಸುಮಾರು ಇದೇ ಮೂರು ಕ್ರಿಯೆಗಳಲ್ಲಿ ಅಡಗಿದೆ. ಆದರೆ ಇಲ್ಲಿ ಬಳಕೆಯು ಕೊನೆಯಲ್ಲಿ ಬರುತ್ತದೆ, ಮತ್ತು ಮಾತನಾಡುವವರು ಆ ಕಾಡನ್ನೇ ನಂಬಿ ಬಾಳುವವರು.

ಧರ್ಮಸಭೆಗಳ ಚಿಂತನೆ ಮತ್ತು ಬ್ರುಂಟ್‌ಲ್ಯಾಂಡ್ ವರದಿ

ಎರಡನೆಯ ಮಹಾಯುದ್ಧದ ತರುವಾಯ ‘ಅಭಿವೃದ್ಧಿ’ ಎಂದರೆ ಉತ್ಪಾದನೆಯ ಹೆಚ್ಚಳ ಎಂಬ ತಿಳಿವಳಿಕೆ ಪ್ರಬಲವಾಗಿತ್ತು. ಅದನ್ನು ಪ್ರಶ್ನಿಸಿದವರಲ್ಲಿ ಆರನೆಯ ಪೌಲರು ಪ್ರಮುಖರು. 1967ರ ‘ಪೊಪುಲೊರುಮ್ ಪ್ರೊಗ್ರೆಸ್ಸಿಯೊ’ ಪರಿಪತ್ರದಲ್ಲಿ ಅವರು ನಿಜವಾದ ಅಭಿವೃದ್ಧಿಯು ಪ್ರತಿಯೊಬ್ಬ ಮನುಷ್ಯನ ಮತ್ತು ಇಡೀ ಮನುಷ್ಯನ ಏಳಿಗೆಯಾಗಿರಬೇಕೆಂದು ಬೋಧಿಸಿದರು. 1971ರಲ್ಲಿ, ವಿವೇಚನೆಯಿಲ್ಲದೆ ನಿಸರ್ಗವನ್ನು ದೋಚುವ ಮಾನವನು ತಾನೇ ಆ ವಿನಾಶಕ್ಕೆ ಬಲಿಯಾಗುವ ಅಪಾಯವಿದೆಯೆಂದು ಎಚ್ಚರಿಸಿದರು.

1972ರಲ್ಲಿ ಸ್ಟಾಕ್‌ಹೋಮಿನಲ್ಲಿ ಮಾನವ ಪರಿಸರ ಕುರಿತ ವಿಶ್ವಸಂಸ್ಥೆಯ ಸಮ್ಮೇಳನ ನಡೆಯಿತು. ಶ್ರೀಮಂತ ರಾಷ್ಟ್ರಗಳು ಮಾಲಿನ್ಯದ ಬಗ್ಗೆ ಮಾತನಾಡುತ್ತಿದ್ದಾಗ, ಬಡತನವನ್ನು ಮರೆತು ಪರಿಸರವನ್ನು ಸುಧಾರಿಸಲಾಗದು ಎಂಬ ವಾದವನ್ನು ಇಂದಿರಾ ಗಾಂಧಿಯವರು ಮುಂದಿಟ್ಟರು. ಈ ಎರಡೂ ಕಾಳಜಿಗಳನ್ನು ಹೆಣೆಯುವ ಕೆಲಸದಲ್ಲಿ ಜಾಗತಿಕ ಕ್ರೈಸ್ತ ಸಭೆಗಳ ಒಕ್ಕೂಟದ ಪಾತ್ರವನ್ನು ನಾವು ಹಲವು ವೇಳೆ ಮರೆಯುತ್ತೇವೆ. 1974ರಲ್ಲಿ ಬುಕಾರೆಸ್ಟ್‌ನಲ್ಲಿ ಅದು ನಡೆಸಿದ ಸಮಾಲೋಚನೆಯಲ್ಲಿ ‘ಸುಸ್ಥಿರ ಸಮಾಜ’ದ ಕಲ್ಪನೆ ಚರ್ಚೆಗೆ ಬಂದಿತು, 1975ರ ನೈರೋಬಿ ಮಹಾಸಭೆಯ ನಂತರ ‘ನ್ಯಾಯಯುತ, ಸಹಭಾಗಿತ್ವದ ಮತ್ತು ಸುಸ್ಥಿರ ಸಮಾಜ’ ಎಂಬುದು ಅದರ ಕಾರ್ಯಕ್ರಮವಾಯಿತು. ಇಲ್ಲಿ ನ್ಯಾಯವು ಮೊದಲ ಸ್ಥಾನದಲ್ಲಿದೆ.

‘ಸುಸ್ಥಿರ ಅಭಿವೃದ್ಧಿ’ ಎಂಬ ಮಾತನ್ನು 1980ರ ವಿಶ್ವ ಸಂರಕ್ಷಣಾ ಕಾರ್ಯತಂತ್ರದ ದಾಖಲೆಯು ಪ್ರಚಾರಕ್ಕೆ ತಂದಿತು. ನಾರ್ವೆಯ ಗ್ರೂ ಹಾರ್ಲೆಮ್ ಬ್ರುಂಟ್‌ಲ್ಯಾಂಡ್ ಅವರ ಅಧ್ಯಕ್ಷತೆಯ ಆಯೋಗವು 1987ರಲ್ಲಿ ಅದಕ್ಕೆ ಪ್ರಸಿದ್ಧವಾದ ವ್ಯಾಖ್ಯೆಯನ್ನು ಕೊಟ್ಟಿತು. ಮುಂದಿನ ಪೀಳಿಗೆಗಳು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವ ಶಕ್ತಿಗೆ ಕುಂದು ತರದಂತೆ ಇಂದಿನ ಅಗತ್ಯಗಳನ್ನು ಪೂರೈಸುವುದೇ ಸುಸ್ಥಿರ ಅಭಿವೃದ್ಧಿ ಎಂಬುದು ಅದರ ಸಾರ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಆದರೆ ವರದಿಯು ಇದರ ಬೆನ್ನಿಗೇ ಎರಡು ವಿವರಣೆಗಳನ್ನು ಸೇರಿಸಿದೆ: ‘ಅಗತ್ಯ’ ಎಂದಾಗ ಜಗತ್ತಿನ ಬಡವರ ಮೂಲಭೂತ ಅಗತ್ಯಗಳಿಗೇ ಪರಮ ಆದ್ಯತೆ ಸಲ್ಲಬೇಕು, ತಂತ್ರಜ್ಞಾನ ಹಾಗೂ ಸಮಾಜ ವ್ಯವಸ್ಥೆಯ ಸ್ಥಿತಿಗತಿಯಿಂದ ಪರಿಸರದ ಸಾಮರ್ಥ್ಯಕ್ಕೆ ಮಿತಿಗಳುಂಟು. ಬಡವರು ಮತ್ತು ಮಿತಿ ಎಂಬ ಈ ಎರಡನ್ನು ಬಿಟ್ಟು ವ್ಯಾಖ್ಯೆಯನ್ನು ಉಲ್ಲೇಖಿಸಿದಾಗ, ಅದು ಯಾರಿಗೂ ತೊಂದರೆ ಕೊಡದ ಮಾತಾಗುತ್ತದೆ.

ರಿಯೋದಿಂದ ‘ಲೌದಾತೊ ಸೀ’ವರೆಗೆ

1992ರ ರಿಯೋ ಶೃಂಗಸಭೆಯು ಈ ಪರಿಕಲ್ಪನೆಯನ್ನು 27 ತತ್ತ್ವಗಳ ಘೋಷಣೆಯಲ್ಲಿ ರಾಷ್ಟ್ರಗಳ ಒಪ್ಪಿತ ನೀತಿಯಾಗಿಸಿತು. 2002ರ ಜೋಹಾನ್ಸ್‌ಬರ್ಗ್ ಘೋಷಣೆಯು ಆರ್ಥಿಕತೆ, ಸಮಾಜ, ಪರಿಸರ ಎಂಬ ಮೂರು ಆಧಾರಸ್ತಂಭಗಳನ್ನು ಹೆಸರಿಸಿತು. 2015ರ ಸೆಪ್ಟೆಂಬರ್ 25ರಂದು ವಿಶ್ವಸಂಸ್ಥೆಯು 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನೂ 169 ಉಪಗುರಿಗಳನ್ನೂ ಅಂಗೀಕರಿಸಿತು. ಸ್ತಂಭಗಳ ರೂಪಕವು ಅನುಕೂಲಕರವೇ ಸರಿ. ಆದರೆ ಮೂರನ್ನೂ ಸಮವೆಂದು ಭಾವಿಸಿದಾಗ, ಬಡವರಿಗೆ ಪರಮ ಆದ್ಯತೆಯೆಂಬ ಮಾತು ಹಿಂದೆ ಸರಿಯುವ ಸಂಭವವಿದೆ. ಒಂದರ ನಷ್ಟವನ್ನು ಇನ್ನೊಂದರ ಲಾಭದಿಂದ ಸರಿದೂಗಿಸಬಹುದೆಂಬ ಎಣಿಕೆಗೂ ಅದು ಎಡೆಗೊಡುತ್ತದೆ.

ಆ ಗುರಿಗಳನ್ನು ಅಂಗೀಕರಿಸಿದ ದಿನವೇ ಪೋಪ್ ಫ್ರಾನ್ಸಿಸರು ವಿಶ್ವಸಂಸ್ಥೆಯ ಮಹಾಸಭೆಯನ್ನು ಉದ್ದೇಶಿಸಿ ಮಾತನಾಡಿದರು. ನಾಲ್ಕು ತಿಂಗಳ ಹಿಂದೆ, ಮೇ 24ರಂದು ಸಹಿ ಮಾಡಿದ ‘ಲೌದಾತೊ ಸೀ’ ಪರಿಪತ್ರದಲ್ಲಿ ಅವರು ಸುಸ್ಥಿರ ಮತ್ತು ಸಮಗ್ರ ಅಭಿವೃದ್ಧಿಯನ್ನು ಒಟ್ಟಿಗೆ ಹೆಸರಿಸಿ, ಭೂಮಿಯ ಮೊರೆಯನ್ನೂ ಬಡವರ ಮೊರೆಯನ್ನೂ ಬೇರ್ಪಡಿಸದೆ ಆಲಿಸಲು ಕರೆಕೊಟ್ಟಿದ್ದರು. ಆ ಪರಿಪತ್ರದ 194ನೆಯ ಪರಿಚ್ಛೇದ ಇನ್ನಷ್ಟು ಕಟುವಾಗಿದೆ: ಸುಸ್ಥಿರ ಬೆಳವಣಿಗೆಯ ಮಾತು ಎಷ್ಟೋ ವೇಳೆ ಗಮನವನ್ನು ಬೇರೆಡೆ ಸೆಳೆಯುವ, ನೆಪವೊಡ್ಡುವ ಉಪಾಯವಾಗುತ್ತದೆಯೆಂದು ಅದು ಎಚ್ಚರಿಸುತ್ತದೆ. ಪದವನ್ನು ಸ್ವೀಕರಿಸುವುದು, ಅದರ ದುರ್ಬಳಕೆಯನ್ನು ಖಂಡಿಸುವುದು, ಇವೆರಡೂ ಒಂದೇ ಪರಿಪತ್ರದಲ್ಲಿ ಇರುವುದು ಆಕಸ್ಮಿಕವಲ್ಲ.

ಪವಿತ್ರ ಗ್ರಂಥದ ಬೆಳಕಿನಲ್ಲಿ

ಪವಿತ್ರ ಗ್ರಂಥದಲ್ಲಿ ಈ ಪದವಿಲ್ಲವಾದರೂ ಅದರ ಎರಡು ಮುಖಗಳೂ ಕಾಣುತ್ತವೆ. ಹಕ್ಕಿಯ ಗೂಡು ಕಂಡಾಗ ಮರಿಗಳನ್ನು ತೆಗೆದುಕೊಂಡರೂ ತಾಯಿಹಕ್ಕಿಯನ್ನು ಬಿಟ್ಟುಬಿಡಬೇಕೆಂಬ ಧರ್ಮೋಪದೇಶಕಾಂಡದ (22:6-7) ವಿಧಿಯಲ್ಲಿ ಬಳಕೆಗೆ ಅನುಮತಿಯಿದೆ, ಬಳಕೆಯ ಮೂಲವನ್ನು ನಾಶಮಾಡಲು ಅನುಮತಿಯಿಲ್ಲ. ಕಾರ್ಲೊವಿಟ್ಸ್ ಇಷ್ಟನ್ನು ಸಂತೋಷದಿಂದ ಒಪ್ಪುತ್ತಿದ್ದನು. ಆದರೆ ವಿಮೋಚನಕಾಂಡ (23:10-11) ಇನ್ನೊಂದು ಹೆಜ್ಜೆ ಮುಂದಿಡುತ್ತದೆ. ಏಳನೆಯ ವರ್ಷ ಹೊಲವನ್ನು ಬೀಳುಬಿಡಬೇಕು. ಅದರಲ್ಲಿ ತಾನಾಗಿ ಬೆಳೆದದ್ದು ಬಡವರಿಗೆ, ಅವರು ಉಳಿಸಿದ್ದು ಕಾಡುಮೃಗಗಳಿಗೆ. ಭೂಮಿಯ ವಿಶ್ರಾಂತಿ ಮತ್ತು ಬಡವನ ಊಟ ಇಲ್ಲಿ ಒಂದೇ ಆಜ್ಞೆ. ಅದಕ್ಕೆ ಕಾರಣವನ್ನು ಯಾಜಕಕಾಂಡ (25:23) ಹೇಳುತ್ತದೆ: ಭೂಮಿ ದೇವರದ್ದು, ನಾವು ಅದರಲ್ಲಿ ತಂಗಿರುವ ಪರದೇಶಿಗಳು.

ಆದುದರಿಂದ ಈ ಪದವನ್ನು ಪ್ರಬೋಧನೆಯಲ್ಲಿ, ಧರ್ಮೋಪದೇಶದಲ್ಲಿ, ಧರ್ಮಕೇಂದ್ರದ ಯೋಜನೆಗಳಲ್ಲಿ ಬಳಸುವಾಗ ಅದರ ಪೂರ್ಣ ವ್ಯಾಖ್ಯೆಯೊಡನೆ ಬಳಸುವ ಹೊಣೆ ನಮ್ಮ ಮೇಲಿದೆ. ಧರ್ಮಕೇಂದ್ರದ ಜಮೀನಿನಲ್ಲಿ ಗಿಡ ನೆಡುವುದು ಒಳ್ಳೆಯದು. ಆ ಜಮೀನಿನ ಫಲ ಯಾರಿಗೆ ಸಲ್ಲುತ್ತದೆ, ಅಲ್ಲಿನ ಬಾವಿಯ ನೀರು ಬೇಸಿಗೆಯಲ್ಲಿ ಯಾರಿಗೆ ಸಿಗುತ್ತದೆ, ಅದರ ಕುರಿತ ತೀರ್ಮಾನದಲ್ಲಿ ಯಾರ ದನಿಗೆ ಬೆಲೆಯಿದೆ ಎಂದು ಕೇಳಿದಾಗ ಮಾತ್ರ ಅದು ಸುಸ್ಥಿರ ಅಭಿವೃದ್ಧಿಯ ಕೆಲಸವೆನಿಸುತ್ತದೆ. ಮುನ್ನೂರು ವರ್ಷಗಳ ಈ ಚರಿತ್ರೆ ನಮಗೆ ಕಲಿಸುವ ಪಾಠ ಇದೇ: ಬಡವರನ್ನು ಹೊರಗಿಟ್ಟೂ ಒಂದು ಕಾಡನ್ನು ಉಳಿಸಬಹುದು, ಆದರೆ ಅದನ್ನು ಏಳನೆಯ ವರ್ಷದ ಆಜ್ಞೆಯ ಪಾಲನೆಯೆಂದು ಕರೆಯಲಾಗದು.