"ಇಲ್ಲ" ಅಂತ ಯಾರಿಗೆ ಹೇಳಿದ್ರಿ? 404ರ ಹಿಂದಿನ ಕಥೆ

ಕೋಲಾರದಿಂದ ಮಾತಾಡ್ತಾ ಇದೀನಿ. ಇವತ್ತಿನ ಸಂಚಿಕೆ ಮೂರಂಕಿಯ ಕೆಲವು ಸಂಖ್ಯೆಗಳ ಇತಿಹಾಸ. 404 ಅನ್ನೋದನ್ನ ನೀವೆಲ್ಲ ಮೊಬೈಲ್‌ನಲ್ಲಿ ನೋಡೇ ಇರ್ತೀರ. ನಾನು ಓದಿದ್ದು ಬಿ.ಕಾಂ. ಸರ್ವರ್ ವಿಷಯಕ್ಕೆ ನಾನು ಬಂದಿದ್ದು ನನ್ನದೇ ಒಂದು ತಪ್ಪಿನಿಂದ. ಅದನ್ನ ಮೊದಲೇ ಹೇಳಿಬಿಡ್ತೀನಿ.

ಮಾಲೂರು ಕಡೆ ಇಟ್ಟಿಗೆ ಗೂಡುಗಳ ಬಗ್ಗೆ ಒಂದು ಸಂಚಿಕೆ ಮಾಡಿದ್ದೆ. ಅಲ್ಲಿ ಕೆಲಸ ಮಾಡೋ ಒಬ್ಬ ಅಕ್ಕ, ಮುಂಗಡ ತಗೊಂಡಿದ್ದು, ಅದು ತೀರೋ ತನಕ ಬೇರೆ ಕಡೆ ಹೋಗೋಕಾಗದ ಕಷ್ಟ, ಎಲ್ಲ ಬಿಚ್ಚಿ ಹೇಳಿದ್ರು. ಎರಡು ವಾರಕ್ಕೆ ಅವರದೇ ಫೋನು. "ಅದನ್ನ ತೆಗೆದುಬಿಡಪ್ಪ, ಇಲ್ಲಿ ಎಲ್ಲ ಕೇಳ್ತಾ ಇದಾರೆ." ಅರ್ಧ ಗಂಟೆಯಲ್ಲಿ ಆಡಿಯೊ ಅಳಿಸಿದೆ. ಆ ಪುಟ ತೆರೆದವರಿಗೆ "ಈ ಸಂಚಿಕೆ ಈಗ ಇಲ್ಲ" ಅಂತ ಕಾಣೋ ಹಾಗೆ ಮಾಡಿ, "ಆಯ್ತಕ್ಕ, ತೆಗೆದಿದೀನಿ" ಅಂದೆ.

ತಿಂಗಳಾದ ಮೇಲೆ ಸುಮ್ನೆ ಸರ್ಚ್ ಮಾಡಿ ನೋಡ್ತೀನಿ, ಅವರ ಹೆಸರು, ಊರು, ಹೇಳಿದ್ದರ ಎರಡು ಸಾಲಿನ ಸಾರಾಂಶ ಇನ್ನೂ ಬರ್ತಾನೇ ಇದೆ.

ಏನಾಗಿತ್ತು ಅಂದ್ರೆ, ನನ್ನ ಸೈಟು ಓದುವ ಮನುಷ್ಯರಿಗೆ "ಇಲ್ಲ" ಅಂತಿತ್ತು, ಕೇಳಿ ಬಂದ ಯಂತ್ರಕ್ಕೆ "200" ಅಂತಿತ್ತು. 200 ಅಂದ್ರೆ ಎಲ್ಲ ಸರಿಯಾಗಿದೆ, ಕೇಳಿದ್ದು ಸಿಕ್ಕಿದೆ, ತಗೋ. ಜೊತೆಗೆ ಪುಟದ ಶೀರ್ಷಿಕೆ, ಸಾರಾಂಶ ಹಾಗೇ ಉಳಿದಿದ್ವು. ಸರ್ಚ್‌ಗೆ ಅದನ್ನ ಪಟ್ಟಿಯಿಂದ ತೆಗೆಯೋಕೆ ಕಾರಣವೇ ಇರಲಿಲ್ಲ. ಇಂಥ ತಪ್ಪಿಗೆ ಒಂದು ಹೆಸರೇ ಇದೆ, "ಸಾಫ್ಟ್ 404".

ಈಗ ಇತಿಹಾಸಕ್ಕೆ ಬರೋಣ. ಸ್ವಿಟ್ಜರ್ಲೆಂಡಿನ ಸೆರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ವೆಬ್ ಕಟ್ಟಿದಾಗ, ಅಂದ್ರೆ 1991ರ ಮೊದಲ ಎಚ್‌ಟಿಟಿಪಿಯಲ್ಲಿ, ಈ ಸಂಖ್ಯೆಗಳೇ ಇರಲಿಲ್ಲ. ಬ್ರೌಸರ್ ಒಂದು ಸಾಲಲ್ಲಿ ಪುಟ ಕೇಳೋದು, ಸರ್ವರ್ ಪುಟ ಕಳಿಸಿ ಸಂಪರ್ಕ ಮುಗಿಸೋದು, ಅಷ್ಟೇ. ಪುಟ ಇಲ್ಲದಿದ್ರೆ? "ಇಲ್ಲ" ಅಂತ ಬರೆದ ಇನ್ನೊಂದು ಪುಟ ಬರ್ತಿತ್ತು. ಮನುಷ್ಯ ಓದಿ ಅರ್ಥ ಮಾಡ್ಕೋತಾನೆ. ಪ್ರೋಗ್ರಾಮಿಗೆ ಮಾತ್ರ ಒಳ್ಳೇ ಉತ್ತರಕ್ಕೂ ತಪ್ಪಿನ ಉತ್ತರಕ್ಕೂ ವ್ಯತ್ಯಾಸ ತಿಳಿಯೋ ದಾರಿ ಇರಲಿಲ್ಲ. ಇದನ್ನ ಆಗಿನ ದಾಖಲೆಯಲ್ಲೇ ಒಪ್ಕೊಂಡಿದಾರೆ. ಓದಿದಾಗ ನನಗೆ ನಗು ಬಂತು, ಸ್ವಲ್ಪ ನಾಚಿಕೆನೂ ಆಯ್ತು. 1991ರಲ್ಲಿ ಬಿಟ್ಟುಹೋಗಿದ್ದನ್ನ ನಾನು ಕೋಲಾರದಲ್ಲಿ ಕೂತು ಮತ್ತೆ ಮಾಡಿದ್ದೆ.

ಮಾರನೇ ವರ್ಷ, 1992ರಲ್ಲಿ, ಸೆರ್ನ್‌ನವರ ಕರಡಿಗೆ ಸಂಖ್ಯೆಗಳು ಬಂದ್ವು. ಇದು ಅವರದೇ ಕಲ್ಪನೆ ಏನಲ್ಲ. ಫೈಲ್ ಕಳಿಸೋ ಎಫ್‌ಟಿಪಿಯಲ್ಲಿ 1970ರ ದಶಕದಿಂದಲೇ ಮೂರಂಕಿ ಉತ್ತರ ಇತ್ತು. 1982ರಲ್ಲಿ ಇಮೇಲ್‌ಗೆ ನಿಯಮ ಬರೆದ ಜಾನ್ ಪೋಸ್ಟೆಲ್ ಅದನ್ನೇ ಬಳಸಿದ್ರು. ಸಂಖ್ಯೆ ಯಂತ್ರಕ್ಕೆ, ಪಕ್ಕದ ಮಾತು ಮನುಷ್ಯನಿಗೆ. ವಾಕ್ಯದ ಬದಲು ಸಂಖ್ಯೆ ಕಳಿಸೋದು ನಮ್ಮ ತಾತಂದಿರಿಗೂ ಗೊತ್ತಿತ್ತು ಬಿಡಿ. ಮುಳಬಾಗಿಲಿನ ಮದುವೆಗೆ ದೂರದಿಂದ ಶುಭಾಶಯದ ಟೆಲಿಗ್ರಾಂ ಕಳಿಸೋರು ಅಂಚೆ ತಂತಿ ಕಚೇರಿಯ ಪಟ್ಟಿ ನೋಡಿ ಒಂದು ನಂಬರ್ ಆರಿಸಿದ್ರೆ ಸಾಕು. ತಂತಿಯಲ್ಲಿ ಹೋಗೋದು ಆ ನಂಬರು, ಮದುವೆಮನೆಗೆ ತಲುಪೋದು ಪೂರ್ತಿ ಹಾರೈಕೆ. ಆ ಸೇವೆ 2013ರ ಜುಲೈನಲ್ಲಿ ನಿಂತುಹೋಯ್ತು.

ಮೂರಂಕಿಯಲ್ಲಿ ಮೊದಲನೇ ಅಂಕಿನೇ ಮುಖ್ಯ. ಇಮೇಲ್‌ನಲ್ಲಿ 4 ಅಂದ್ರೆ ತಾತ್ಕಾಲಿಕ ತೊಂದರೆ, ಆಮೇಲೆ ಪ್ರಯತ್ನಿಸು. 5 ಅಂದ್ರೆ ಆಗೋದಿಲ್ಲ, ಬಿಟ್ಟುಬಿಡು. ವೆಬ್‌ನವರು ಸಂಖ್ಯೆ ತಗೊಂಡು ಅರ್ಥ ಬದಲಾಯಿಸಿದ್ರು. ಇಲ್ಲಿ 4 ಅಂದ್ರೆ ಕೇಳಿದವರ ಕಡೆ ತಪ್ಪು, 5 ಅಂದ್ರೆ ಸರ್ವರ್ ಕಡೆ ತಪ್ಪು. ಎಷ್ಟು ಹೊತ್ತಿನ ತೊಂದರೆ ಅನ್ನೋ ಪ್ರಶ್ನೆ ಹೋಗಿ, ಯಾರ ತಪ್ಪು ಅನ್ನೋ ಪ್ರಶ್ನೆ ಬಂತು! 3 ಅಂದ್ರೆ ಬೇರೆ ವಿಳಾಸಕ್ಕೆ ಹೋಗು. 301 ಕಾಯಂ ಮನೆ ಬದಲಾವಣೆ, 302 ಸದ್ಯಕ್ಕೆ ಮಾತ್ರ. ಪಾಡ್‌ಕಾಸ್ಟ್ ಮಾಡೋರು ಹೋಸ್ಟಿಂಗ್ ಬದಲಾಯಿಸಿದಾಗ ಹಳೇ ಫೀಡ್‌ಗೆ 301 ಹಾಕಬೇಕು. ಇಲ್ಲಾಂದ್ರೆ ಆ್ಯಪ್‌ಗಳು ಹಳೇ ಮನೆ ಬಾಗಿಲನ್ನೇ ತಟ್ತಾ ಇರ್ತವೆ.

ಇದೆಲ್ಲ ಎಚ್‌ಟಿಟಿಪಿ 1.0 ಆಗಿ ಅಧಿಕೃತವಾಗಿ ದಾಖಲಾಗಿದ್ದು 1996ರ ಮೇನಲ್ಲಿ. ಸೆರ್ನ್‌ನ 404ನೇ ಕೋಣೆಯಿಂದ ಆ ಸಂಖ್ಯೆ ಬಂತು ಅನ್ನೋ ಕಥೆ ನಿಮಗೂ ಫಾರ್ವರ್ಡ್ ಆಗಿ ಬಂದಿರಬಹುದು. ಬರ್ನರ್ಸ್-ಲೀ ಜೊತೆಗಿದ್ದ ರಾಬರ್ಟ್ ಕೈಯೋ ಅದನ್ನ ಕಟ್ಟುಕಥೆ ಅಂತ ತಳ್ಳಿಹಾಕಿದಾರೆ. 1998ರ ಏಪ್ರಿಲ್ 1ರಂದು ತಮಾಷೆಗೆ ಹುಟ್ಟಿದ 418 ಮಾತ್ರ ನಿಜ. ಕಾಫಿ ಕೇಳಿದ್ರೆ "ನಾನು ಟೀ ಪಾತ್ರೆ" ಅನ್ನೋ ಉತ್ತರ ಅದು.

"ಇಲ್ಲ" ಅನ್ನೋದನ್ನ ದಾಖಲೆಯಾಗಿ ಕೊಡಬೇಕು ಅನ್ನೋದು ನಮ್ಮ ತಾಲ್ಲೂಕು ಕಚೇರಿಗಳಿಗೆ ಚೆನ್ನಾಗಿ ಗೊತ್ತು. ಶ್ರೀನಿವಾಸಪುರದ ಯಾವುದೋ ಮಾವಿನ ತೋಟದ ಹಳೇ ದಾಖಲೆಯ ನಕಲಿಗೆ ಅರ್ಜಿ ಹಾಕಿದ್ರಿ ಅಂತ ಇಟ್ಕೊಳ್ಳಿ. ಸಿಗಲಿಲ್ಲ ಅಂದ್ರೆ "ಲಭ್ಯವಿಲ್ಲ" ಅಂತ ಸಹಿ, ಮೊಹರು ಹಾಕಿದ ಹಿಂಬರಹ ಕೇಳಿ ಪಡೀಬೇಕು. ಬರೀ ಬಾಯಲ್ಲಿ "ಇಲ್ಲಪ್ಪ" ಅಂದಿದ್ದನ್ನ ತಗೊಂಡು ಮೇಲಿನ ಕಚೇರಿಗೆ ಹೋಗಿ ಏನು ತೋರಿಸ್ತೀರ? ಇನ್ನು 2012ರಿಂದ ರಾಜ್ಯದಾದ್ಯಂತ ಇರೋ ಸಕಾಲದ ಸ್ವೀಕೃತಿ ಸಂಖ್ಯೆ ಇದೆಯಲ್ಲ, ಅದು ನನ್ನ ಕಣ್ಣಿಗೆ 202. ಅರ್ಜಿ ತಗೊಂಡಿದೀವಿ, ಕೆಲಸ ಇನ್ನೂ ಆಗಿಲ್ಲ. ಇದನ್ನ 200 ಅಂತ ತಿಳ್ಕೊಂಡು ಮನೇಲಿ ಕೂತೋರು ನಮ್ಮಲ್ಲಿ ಕಮ್ಮಿ ಇಲ್ಲ.

ನನ್ನ ಪುಟಕ್ಕೆ ಬೇಕಾಗಿದ್ದು 410. 404 ಅಂದ್ರೆ ಸಿಗಲಿಲ್ಲ, ಮುಂದೆ ಸಿಕ್ಕರೂ ಸಿಗಬಹುದು. 410 ಅಂದ್ರೆ ಇತ್ತು, ತೆಗೆದಿದೀವಿ, ಮತ್ತೆ ಬರಲ್ಲ. ಪಿಎಚ್‌ಪಿಯಲ್ಲಿ ಇದು ಒಂದೇ ಸಾಲಿನ ಕೆಲಸ. ಆದ್ರೂ ನನಗೆ ಒಂದು ಸಂಜೆ ಪೂರ್ತಿ ಹಿಡೀತು, ಯಾಕಂದ್ರೆ ಆ ಸಾಲನ್ನ ಪುಟದ ಕೊನೇಲಿ ಬರೆದಿದ್ದೆ. ಉತ್ತರದ ಮೊಟ್ಟಮೊದಲ ಸಾಲಲ್ಲೇ ಸಂಖ್ಯೆ ಹೋಗುತ್ತೆ. ಪುಟದ ಒಂದಕ್ಷರ ಹೊರಟುಹೋಗಿದ್ರೂ 200 ಆಗಲೇ ಹೋಗಿಯಾಗಿದೆ, ಹಿಂದಕ್ಕೆ ಕರೆಯೋಕಾಗಲ್ಲ. ಸಾಲನ್ನ ಮೇಲಕ್ಕೆ ತಂದೆ, ಶೀರ್ಷಿಕೆ, ಸಾರಾಂಶ ಅಳಿಸಿದೆ, ಸರಿಹೋಯ್ತು. ನೀವೂ ಪರೀಕ್ಷೆ ಮಾಡಬೇಕಾದ್ರೆ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಡೆವಲಪರ್ ಟೂಲ್ಸ್ ತೆರೆದು ನೆಟ್‌ವರ್ಕ್ ಪಟ್ಟಿ ನೋಡಿ. ಪರದೆ ಮೇಲಿನ ಮಾತು ನಂಬಬೇಡಿ, ಸಂಖ್ಯೆ ನೋಡಿ.

451 ಹಾಕಬಹುದಿತ್ತಾ ಅಂತಲೂ ಯೋಚಿಸಿದೆ. ಕಾನೂನಿನ ಒತ್ತಡದಿಂದ ಪುಟ ತಡೆದಾಗ ಹೇಳೋ ಸಂಖ್ಯೆ ಅದು, 2016ರಲ್ಲಿ ಬಂತು. ರೇ ಬ್ರಾಡ್‌ಬರಿಯ, ಪುಸ್ತಕ ಸುಡೋ ಕಾಲದ ಕಾದಂಬರಿಯ ಹೆಸರಿಂದ ತಗೊಂಡಿದ್ದು. ಆದ್ರೆ ಇಲ್ಲಿ ಕೋರ್ಟಿನ ಆದೇಶ ಇರಲಿಲ್ಲ, ಒಬ್ಬರ ಭಯ ಇತ್ತು. ಅದಕ್ಕೆ ಯಾವ ಸಂಖ್ಯೆನೂ ಇಲ್ಲ.

ಸ್ವಲ್ಪ ದಿನಕ್ಕೆ ಸರ್ಚ್‌ನಿಂದ ಹೆಸರು ಹೋಯ್ತು. ಅಕ್ಕನಿಗೆ ಫೋನ್ ಮಾಡಿ, ಈಗ ನಿಜವಾಗ್ಲೂ ಹೋಗಿದೆ ಅಂದೆ.

"ಹಾಗಾದ್ರೆ ಇಷ್ಟು ದಿನ ಅಲ್ಲೇ ಇತ್ತಾ?" ಅಂದ್ರು.

ಇತ್ತು ಅಕ್ಕ, ಅಂದೆ.